ಬೇಸಿಗೆ ರಜೆಯ ನಗರಮೀಮಾಂಸೆ

ಅಥಾತೋ ನಗರಜಿಜ್ಞಾಸಾ. ಇನ್ನು ಮುಂದೆ ನಗರಗಳ ವಿಚಾರ.

ಯಾವುದರಿಂದ ಮುಂದೆ ಎಂಬಲ್ಲಿ ಆಚಾರ್ಯರಿಗೆ ಒಮ್ಮತವಿಲ್ಲ. ಮಕ್ಕಳ ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಎಂದು ಕೆಲವರು. ವರ್ಷಾಂತ್ಯದ ಬೋನಸ್ ಕೈಗೆ ಬಂದ ಮೇಲೆ ಎಂದು ಹಲವರು. ಓರಗಿತ್ತಿಯ ಮನೆಯವರು ಸ್ವಿಟ್ಜರ್‌ಲೆಂಡಿಗೆ ಹೋಗಿ ಬಂದ ಮೇಲೆ ಎಂಬುದು ವೃದ್ಧಸಂಪ್ರದಾಯ. ಮೂರನೆಯದೇ ಸಾಧು. ಮೊದಲಿನ ಎರಡು ಪ್ರತಿವರ್ಷ ಘಟಿಸಿದರೂ ಜಿಜ್ಞಾಸೆ ಪ್ರತಿವರ್ಷ ಹುಟ್ಟುವುದಿಲ್ಲ. ಮೂರನೆಯದು ಘಟಿಸಿದ ವರ್ಷ ಅದು ಹುಟ್ಟದೆ ಉಳಿದ ಉದಾಹರಣೆ ಇಲ್ಲ.

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ವಿಷಯ: ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳ ಒಂದು ಮಧ್ಯಮವರ್ಗದ ಸಂಸಾರ ಏಪ್ರಿಲ್–ಮೇ ರಜೆಯಲ್ಲಿ ಯುರೋಪಿನ ಯಾವ ಯಾವ ನಗರ ನೋಡಬೇಕು ಎಂಬುದು. ಪ್ರಯೋಜನ: ನೋಡಿ ಬಂದೆವು ಎಂದು ಹೇಳುವುದು. ಸಂಬಂಧ: ಇವೆರಡನ್ನೂ ಬೆಸೆಯುವ ಇಎಂಐ. ಅಧಿಕಾರಿ ಯಾರು? ವೇದಾಂತದಲ್ಲಿ ಸಾಧನಚತುಷ್ಟಯ ಉಳ್ಳವನೇ ಅಧಿಕಾರಿ. ಇಲ್ಲಿಯೂ ಸಾಧನಗಳು ನಾಲ್ಕೇ: ಬ್ಯಾಂಕಿನ ಮೊಹರು ಬಿದ್ದ ಸ್ಟೇಟ್‌ಮೆಂಟು, ಕಚೇರಿಯ ರಜೆ ಪತ್ರ, ಆದಾಯ ತೆರಿಗೆಯ ರಿಟರ್ನು ಮತ್ತು 30,000 ಯೂರೊಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ. ವೈರಾಗ್ಯ ಮುಂಚಿತವಾಗಿ ಬೇಕೆಂಬ ನಿಯಮವಿಲ್ಲ. ಜ್ಯೂರಿಕ್‌ನಲ್ಲಿ ಮೊದಲ ಕಾಫಿಯ ಬಿಲ್ಲು ಬಂದಾಗ ಅದು ತಾನಾಗಿಯೇ ಉಂಟಾಗುತ್ತದೆ.

ಬ್ಯಾಂಕಾಕ್, ಬಾಲಿ, ದುಬೈಗಳನ್ನು ಈ ಪ್ರಬಂಧದಿಂದ ಹೊರಗಿಟ್ಟಿದೆ. ಥಾಯ್ಲೆಂಡ್ 2023ರ ನವೆಂಬರಿನಲ್ಲಿ ಭಾರತೀಯ ಪ್ರವಾಸಿಗರಿಗೆ ವೀಸಾವನ್ನೇ ಕೈಬಿಟ್ಟಿತು. ಇಷ್ಟು ಸುಲಭವಾಗಿ ಸಿದ್ಧಿಸುವ ವಸ್ತುವಿಗೆ ಶಾಸ್ತ್ರ ಬೇಕಿಲ್ಲ. ಇನ್ನು ಮೇ ತಿಂಗಳಲ್ಲಿ ಬೇಸಿಗೆ ಕಳೆಯಲು ದುಬೈಗೆ ಹೋಗುವುದು ಸೆಕೆ ತಾಳಲಾರದೆ ರಾಯಚೂರಿಗೆ ಹೋದಂತೆ.

ದೋಷಪರಿಹಾರ

ಸಮುದ್ರ ದಾಟಬಹುದೇ ಎಂಬ ಶಂಕೆಯನ್ನು ಮೊದಲು ನಿವಾರಿಸಬೇಕು. ಬೌಧಾಯನ ಧರ್ಮಸೂತ್ರ ಪತನೀಯ ಕರ್ಮಗಳ ಪಟ್ಟಿ ಕೊಡುತ್ತದೆ. ಸಮುದ್ರಸಂಯಾನ ಅದರ ತಲೆಯಲ್ಲೇ ಇದೆ. ವಿಮಾನ ಸಮುದ್ರವನ್ನು ಮುಟ್ಟುವುದಿಲ್ಲ, ಆದ್ದರಿಂದ ದೋಷವಿಲ್ಲ ಎಂದು ಆಧುನಿಕರು ಜಾರಿಕೊಳ್ಳುತ್ತಾರೆ. ಇಷ್ಟು ದುರ್ಬಲವಾದ ಯುಕ್ತಿ ಬೇಕಾಗಿಯೇ ಇಲ್ಲ. ಅದೇ ಸೂತ್ರಕಾರ ಪ್ರಾಯಶ್ಚಿತ್ತವನ್ನೂ ವಿಧಿಸಿದ್ದಾನೆ: ನಾಲ್ಕು ಹೊತ್ತಿಗೊಮ್ಮೆ ಮಿತವಾದ ಆಹಾರ, ದಿನಕ್ಕೆ ಮೂರು ಸ್ನಾನ, ಹಗಲೆಲ್ಲ ನಿಂತಿರುವುದು, ರಾತ್ರಿಯೆಲ್ಲ ಕುಳಿತಿರುವುದು. ಹೀಗೆ ಮೂರು ವರ್ಷ.

ಈಗ ಪ್ರವಾಸಿಯ ದಿನಚರಿ ನೋಡಿ. ರಾತ್ರಿಯೆಲ್ಲ ಕುಳಿತಿರುವುದು ಇಕಾನಮಿ ಕ್ಲಾಸಿನ ನಡುವಿನ ಸೀಟಿನಲ್ಲಿ ನೆರವೇರುತ್ತದೆ. ಹಗಲೆಲ್ಲ ನಿಲ್ಲುವುದು ಲೂವ್ರ್ ಮತ್ತು ಕೊಲೋಸಿಯಮ್ಮಿನ ಸರದಿಯಲ್ಲಿ. ಶುದ್ಧ ಸಸ್ಯಾಹಾರಿಗೆ ಬ್ರಸೆಲ್ಸ್‌ನಲ್ಲಿ ನಾಲ್ಕು ಹೊತ್ತಿಗೊಮ್ಮೆ ಊಟ ಸಿಕ್ಕರೆ ಅದೇ ಹೆಚ್ಚು, ಅದೂ ಮಿತವಾಗಿಯೇ. ಮೂರು ವರ್ಷ ಎಂದಿರುವುದು ಪ್ರವಾಸದ ಸಾಲ ತೀರುವ ಮೂವತ್ತಾರು ಕಂತುಗಳಿಗೆ ಸರಿಹೋಗುತ್ತದೆ. ತ್ರಿಕಾಲ ಸ್ನಾನವೊಂದು ಮಾತ್ರ ಕೂಡಿಬರುವುದಿಲ್ಲ, ಏಕೆಂದರೆ ಹೋಟೆಲಿನ ಒಂದು ಬಚ್ಚಲಿಗೆ ನಾಲ್ಕು ಜನ. ಉಳಿದಂತೆ ಪಾಪ, ಪ್ರಾಯಶ್ಚಿತ್ತ ಎರಡೂ ಒಂದೇ ಪ್ಯಾಕೇಜಿನಲ್ಲಿ ಸೇರಿರುವುದರಿಂದ ದೋಷ ಉಳಿಯುವುದಿಲ್ಲ.

ತಂದೆತಾಯಿಗೆ ಸುತ್ತು ಬಂದರೆ ಲೋಕವನ್ನೇ ಸುತ್ತಿದಂತಾಯಿತು ಎಂಬ ಗಣಪತಿಯ ಪಕ್ಷ ಇನ್ನೊಂದುಂಟು. ಹಣ ಉಳಿಸುವ ಗಂಡಂದಿರು ಇದನ್ನು ಮುಂದಿಡುತ್ತಾರೆ. ಷಣ್ಮುಖನ ಪಕ್ಷದವರ ಉತ್ತರ ಸರಳ: "ಹಾಗಾದ್ರೆ ಅವರನ್ನೂ ಕರ್ಕೊಂಡು ಹೋಗೋಣ, ಅಲ್ಲೇ ಸುತ್ತು ಬನ್ನಿ." ಹೀಗೆ ಎರಡು ಟಿಕೆಟ್ ಹೆಚ್ಚಾಗಿ ವಾದ ಮುಗಿಯುತ್ತದೆ.

ಋತುನಿರ್ಣಯ

ಬೇಸಿಗೆ ರಜೆಯ ಪ್ರವಾಸ ಎನ್ನುತ್ತೇವಷ್ಟೆ. ನಮ್ಮ ಶಾಲೆಗಳ ರಜೆ ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ. ಯುರೋಪಿನ ಬೇಸಿಗೆ ಶುರುವಾಗುವುದೇ ಜೂನಿನಲ್ಲಿ. ಅಷ್ಟು ಹೊತ್ತಿಗೆ ಇಲ್ಲಿ ಶಾಲೆಯ ಗಂಟೆ ಬಾರಿಸಿ, ಹೊಸ ಪುಸ್ತಕಗಳಿಗೆ ಬೈಂಡ್ ಹಾಕಿಯಾಗಿರುತ್ತದೆ. ಆದ್ದರಿಂದ ಕರ್ನಾಟಕದ ಶಾಲಾ ಬಾಲಕ ಯುರೋಪಿನ ಬೇಸಿಗೆಯನ್ನು ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ನೋಡುವ ಸಂಭವವಿಲ್ಲ. ಅವನು ಬಾಗಿಲು ತೆಗೆದ ಬೀರುವಿನ ನುಸಿಗುಳಿಗೆ ವಾಸನೆಯ ಸ್ವೆಟರ್ ತೊಟ್ಟು ಆಮ್‌ಸ್ಟರ್‌ಡ್ಯಾಮಿನಲ್ಲಿ ನಡುಗುತ್ತಾನೆ. ಇದರಿಂದ ಒಂದೇ ಲಾಭ: ಲಿಸ್ಸೆ ಎಂಬ ಊರಿನ ಕ್ಯೂಕೆನ್‌ಹಾಫ್ ಟುಲಿಪ್ ತೋಟ ತೆರೆದಿರುವುದು ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ ಮಾತ್ರ. ಸುಮಾರು ಎಪ್ಪತ್ತು ಲಕ್ಷ ಗೆಡ್ಡೆಗಳು ನಮ್ಮ ಶಿಕ್ಷಣ ಇಲಾಖೆಯ ಕ್ಯಾಲೆಂಡರ್ ನೋಡಿಕೊಂಡೇ ಅರಳುತ್ತವೋ ಎಂಬ ಸಂಶಯ ಬರುವಷ್ಟು ಸರಿಹೊಂದುತ್ತದೆ. ಇಡೀ ಯುರೋಪಿನಲ್ಲಿ ನಮಗಾಗಿ ಕಾಯುವುದು ಅದೊಂದೇ.

ಪ್ರಮಾಣವಿಚಾರ

ಬಸವನಗುಡಿಯ ಒಂದು ಮನೆ. ರಾತ್ರಿ ಊಟವಾಗಿದೆ, ಮೇಜಿನ ಮೇಲೆ ಸಾರಿನ ಪಾತ್ರೆ ಇನ್ನೂ ಎತ್ತಿಲ್ಲ, ಅದರ ಪಕ್ಕ ಟೂರಿನವರು ಕೊಟ್ಟ ನುಣುಪು ಕಾಗದದ ಪುಸ್ತಿಕೆ.

"ಪ್ಯಾರಿಸ್ ಬೇಕೇ ಬೇಕು," ಎನ್ನುತ್ತಾಳೆ ಮಗಳು.

"ರೀ, ಅಲ್ಲಿ ಪಿಕ್‌ಪಾಕೆಟ್ ಜಾಸ್ತಿಯಂತೆ. ಚಿಕ್ಕಮ್ಮನ ಬ್ಯಾಗು ಹೋಗಿದ್ದು ಅಲ್ಲೇ ಅಲ್ವಾ?"

"ಬ್ಯಾಗು ಮೆಜೆಸ್ಟಿಕ್ಕಲ್ಲೂ ಹೋಗುತ್ತೆ ಕಣೇ."

"ಅತ್ತೆ, ನಿಮಗೆ ಯಾವ ಊರು ನೋಡ್ಬೇಕು ಹೇಳಿ."

"ನಂಗೇನಮ್ಮ, ಮೊಸರು ಸಿಗೋ ಊರಾದ್ರೆ ಸಾಕು."

ಗಮನಿಸಬೇಕು: ಮಿಕ್ಕವರೆಲ್ಲ ಊರಿನ ಹೆಸರು ಹೇಳಿದರು, ಲಕ್ಷಣ ಹೇಳಿದವರು ಅತ್ತೆ ಒಬ್ಬರೇ. ಇದನ್ನು ದಧಿಲಕ್ಷಣವೆಂದು ಕರೆಯೋಣ. ದುರದೃಷ್ಟಕ್ಕೆ ಇದರಲ್ಲಿ ಅತಿವ್ಯಾಪ್ತಿ ದೋಷವಿದೆ. ಲಿಸ್ಬನ್ನಿನಿಂದ ಹೆಲ್ಸಿಂಕಿಯವರೆಗೆ ಮೊಸರು ಸಿಗದ ಸೂಪರ್‌ಮಾರ್ಕೆಟ್ ಯುರೋಪಿನಲ್ಲಿ ಇಲ್ಲ. ಎಲ್ಲ ಊರಿಗೂ ಸಲ್ಲುವ ಲಕ್ಷಣದಿಂದ ಯಾವ ಊರನ್ನೂ ಆರಿಸಲಾಗದು. ಹೆಪ್ಪು ಮಾತ್ರ ಮನೆಯಿಂದ ಒಯ್ಯುವಂತಿಲ್ಲ: ಹೊರಗಿನಿಂದ ಬರುವ ಪ್ರವಾಸಿಗರು ಸ್ವಂತ ಬಳಕೆಗಾದರೂ ಮಾಂಸ ಮತ್ತು ಹಾಲಿನ ಉತ್ಪನ್ನಗಳನ್ನು ಐರೋಪ್ಯ ಒಕ್ಕೂಟದೊಳಕ್ಕೆ ತರಬಾರದೆಂಬ ನಿಯಮವಿದೆ. ಮಿಠಾಯಿಗೆ ವಿನಾಯಿತಿ ಉಂಟು. ಹಾಗಾದರೆ ಧಾರವಾಡ ಪೇಡೆ ಹಾಲಿನ ಉತ್ಪನ್ನವೋ, ಮಿಠಾಯಿಯೋ? ಈ ಗಹನ ಪ್ರಶ್ನೆಯ ನಿರ್ಣಯ ಫ್ರಾಂಕ್‌ಫರ್ಟಿನ ಕಸ್ಟಮ್ಸ್ ಅಧಿಕಾರಿಗೆ ಸೇರಿದ್ದು. ಪೂರ್ವಪಕ್ಷ ಮಂಡಿಸುವ ಮೊದಲು ಅವರಿಗೊಂದು ಪೇಡೆ ಕೊಡಬಾರದು.

ಕುಮಾರಿಲ ಭಟ್ಟನ ಪಂಥದ ಭಾಟ್ಟ ಮೀಮಾಂಸಕರು ಆರು ಪ್ರಮಾಣಗಳನ್ನು ಒಪ್ಪುತ್ತಾರೆ. ಪ್ರತ್ಯಕ್ಷದಿಂದ ಇಲ್ಲಿ ಪ್ರಯೋಜನವಿಲ್ಲ, ಹೋಗುವ ಮುನ್ನ ನೋಡಲಾಗದು. ಹೋದ ಮೇಲೂ ಅದು ನಂಬಲರ್ಹವಲ್ಲ ಎಂಬುದಕ್ಕೆ ಪೀಸಾ ಸಾಕ್ಷಿ. 1173ರಲ್ಲಿ ಕಟ್ಟಲು ಶುರುಮಾಡಿದ ಗೋಪುರ ಮೆತ್ತನೆಯ ಮಣ್ಣಿನಲ್ಲಿ ಕುಸಿದು ವಾಲಿತು. 1990ರಲ್ಲಿ ಅದನ್ನು ಮುಚ್ಚಿ, ಎಂಜಿನಿಯರುಗಳು ಹನ್ನೊಂದು ವರ್ಷ ಹೆಣಗಿ, ಬೀಳದಷ್ಟು ನೆಟ್ಟಗೆ ಮಾಡಿದರು. ಪ್ರವಾಸಿಗರು ಬರುವುದನ್ನು ನಿಲ್ಲಿಸುವಷ್ಟು ನೆಟ್ಟಗೆ ಮಾಡಲಿಲ್ಲ. ಅದರ ಮುಂದಿನ ಹುಲ್ಲಿನ ಮೇಲೆ ಯಾವ ಹೊತ್ತಿನಲ್ಲಿ ನೋಡಿದರೂ ನೂರಾರು ಜನ ಅಂಗೈ ಚಾಚಿ ಗಾಳಿಯನ್ನು ತಳ್ಳುತ್ತಿರುತ್ತಾರೆ. "ಇನ್ನೊಂಚೂರು ಎಡಕ್ಕೆ... ಕೈ ಮೇಲೆ... ಅಯ್ಯೋ ಅಷ್ಟಲ್ಲ, ಈಗ ಗೋಪುರದ ಕುತ್ತಿಗೆ ಹಿಸುಕ್ತಿದೀಯ." ಫೋಟೊದಲ್ಲಿ ಗೋಪುರವನ್ನು ಎತ್ತಿಹಿಡಿದ ವೀರ, ಪಕ್ಕಕ್ಕೆ ಹತ್ತು ಹೆಜ್ಜೆ ಸರಿದು ನೋಡಿದರೆ ಮರುಳ. ಪ್ರತ್ಯಕ್ಷ ಅಷ್ಟರದ್ದು.

ಅನುಮಾನ ಇದಕ್ಕಿಂತ ವಾಸಿ. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ. ಎಲ್ಲೆಲ್ಲಿ ಗುಜರಾತಿಗಳ ಟೂರ್ ಬಸ್ಸೋ ಅಲ್ಲಲ್ಲಿ ಸಸ್ಯಾಹಾರ. ಇದು ವ್ಯಭಿಚಾರವಿಲ್ಲದ ವ್ಯಾಪ್ತಿ. 3,454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಕ್‌ಗೆ ರೈಲು ಹಾಕಿದ್ದು 1912ರಲ್ಲಿ. ಅಲ್ಲಿ ಹಿಮನದಿಯ ನೆತ್ತಿಯ ಮೇಲೆ ಇಂದು ಭಾರತೀಯ ರೆಸ್ಟೊರೆಂಟ್ ಇದೆ.

ಉಪಮಾನದಲ್ಲಿ ಕನ್ನಡಿಗರು ಪಳಗಿದವರು. ಕೊಡಗನ್ನು ಭಾರತದ ಸ್ಕಾಟ್ಲೆಂಡ್ ಎಂದೂ ಆಲಪ್ಪುಳವನ್ನು ಪೂರ್ವದ ವೆನಿಸ್ ಎಂದೂ ಕೇಳುತ್ತಾ ಬೆಳೆದ ಸಂಸಾರ, ಕೊನೆಗೆ ನಿಜವಾದ ವೆನಿಸ್ಸಿನಲ್ಲಿ ಗೊಂಡೋಲಾ ಹತ್ತಿ ಹೇಳುವ ಮೊದಲ ಮಾತು "ಥೇಟ್ ಆಲಪ್ಪುಳ ಕಣ್ರೀ" ಎಂದು. ಇಷ್ಟಕ್ಕಾಗಿ ಒಂದು ದಿನದ ಮಟ್ಟಿಗೆ ಬರುವವರಿಂದ ವೆನಿಸ್ ನಗರಸಭೆ 2024ರ ಏಪ್ರಿಲ್ 25ರಿಂದ ಕೆಲವು ದಿನಗಳಲ್ಲಿ 5 ಯೂರೊ ಪ್ರವೇಶ ಶುಲ್ಕ ವಸೂಲಿ ಶುರುಮಾಡಿತು. ಆಲಪ್ಪುಳದಲ್ಲಿ ಊರೊಳಗೆ ಕಾಲಿಡಲು ಟಿಕೆಟ್ ಇಲ್ಲ. ಉಪಮಾನ ಅಲ್ಲಿಗೆ ಮುರಿಯುತ್ತದೆ.

ಅರ್ಥಾಪತ್ತಿಗೆ ಶಾಸ್ತ್ರದ ಹಳೆಯ ದೃಷ್ಟಾಂತ ದೇವದತ್ತ: ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಅದೇ ದೇವದತ್ತ ಪ್ಯಾರಿಸ್ಸಿನಿಂದ ಬಂದಿದ್ದಾನೆ. ಮೊಟ್ಟೆ ಮುಟ್ಟಿಲ್ಲ ಎನ್ನುತ್ತಾನೆ, ಕ್ರೇಪ್ ಎಂಬ ದೋಸೆ ಬಹಳ ಚೆನ್ನಾಗಿತ್ತು ಎಂದೂ ಎನ್ನುತ್ತಾನೆ. ಉಳಿದದ್ದನ್ನು ಓದುಗರು ಊಹಿಸಿಕೊಳ್ಳಬೇಕು, ಅವನ ತಾಯಿಗೆ ಹೇಳಬಾರದು.

ಅನುಪಲಬ್ಧಿ, ಎಂದರೆ ಇಲ್ಲದ್ದನ್ನು ಇಲ್ಲವೆಂದು ಅರಿಯುವ ಪ್ರಮಾಣ, ಪ್ರವಾಸಕ್ಕೆ ಒದಗೀತೇ ಎಂದು ಕೆಲವರು ಶಂಕಿಸುತ್ತಾರೆ. 1911ರ ಆಗಸ್ಟಿನಲ್ಲಿ ಲೂವ್ರ್‌ನಿಂದ ಮೋನಾಲಿಸಾ ಕಳುವಾಯಿತು. ಎರಡು ವರ್ಷಕ್ಕೂ ಮಿಕ್ಕಿ ಸಿಗಲಿಲ್ಲ. ಆಗ ಜನ ಸಾಲುಗಟ್ಟಿ ಬಂದರು, ಚಿತ್ರ ತೂಗುತ್ತಿದ್ದ ಖಾಲಿ ಗೋಡೆಯನ್ನು ನೋಡಲು. ಕುಮಾರಿಲ ಭಟ್ಟನಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುತ್ತಿರಲಿಲ್ಲ. ಈಗಿನವರಿಗೂ ಹೆಚ್ಚು ವ್ಯತ್ಯಾಸವಿಲ್ಲ: 77 ಸೆಂಟಿಮೀಟರ್ ಎತ್ತರದ ಆ ಚಿತ್ರದ ಮುಂದೆ ಎತ್ತಿಹಿಡಿದ ಮೊಬೈಲುಗಳ ಸಂಖ್ಯೆಯನ್ನು ನೋಡಿದರೆ, ಹಿಂದಿನ ಸಾಲಿನವರು ಇಂದಿಗೂ ಅನುಪಲಬ್ಧಿಯಿಂದಲೇ ತಿಳಿದು ಬರುತ್ತಾರೆ.

ಕೊನೆಗುಳಿದದ್ದು ಶಬ್ದಪ್ರಮಾಣ, ಎಲ್ಲವೂ ಇದರ ಕೈಯಲ್ಲಿದೆ. ಶಬ್ದವೆಂದರೆ ಆಪ್ತವಾಕ್ಯ, ಆಪ್ತವೆಂದರೆ ಸಿನಿಮಾ. ಕಾರಂತರು ಯುರೋಪು ಸುತ್ತಿ ಬಂದು 'ಅಪೂರ್ವ ಪಶ್ಚಿಮ' ಬರೆದರು; ನಗರ ಆರಿಸುವ ಮೇಜಿನ ಮೇಲೆ ಆ ಪುಸ್ತಕ ಬಂದದ್ದನ್ನು ಕಂಡವರಿಲ್ಲ. ಹೊರದೇಶದಲ್ಲಿ ಚಿತ್ರೀಕರಣಗೊಂಡ ಮೊದಲ ಕನ್ನಡ ಚಿತ್ರವೆಂದು ಹೆಸರಾದದ್ದು 1978ರ 'ಸಿಂಗಪೂರ್‌ನಲ್ಲಿ ರಾಜಾ ಕುಳ್ಳ'. ಒಂದು ತಲೆಮಾರಿಗೆ ಫಾರಿನ್ ಎಂದರೆ ಸಿಂಗಪುರವೇ ಆಗಿತ್ತು. ಆಮೇಲೆ 1995ರ ಹಿಂದಿ ಚಿತ್ರವೊಂದರಲ್ಲಿ ಶಾರುಕ್ ಮತ್ತು ಕಾಜೋಲ್ ಸ್ವಿಟ್ಜರ್‌ಲೆಂಡಿನಲ್ಲಿ ರೈಲು ತಪ್ಪಿಸಿಕೊಂಡರು, ನಮ್ಮವರು ಅದೇ ರೈಲು ಹಿಡಿಯಲು ಹೊರಟರು. ಸ್ವಿಸ್ಸರು ಕೃತಘ್ನರಲ್ಲ. ಟಿಟ್ಲಿಸ್ ಬೆಟ್ಟದ ಮೇಲೆ ಆ ಜೋಡಿಯ ಕಟೌಟ್ ನಿಲ್ಲಿಸಿದ್ದಾರೆ. ಇಂಟರ್‌ಲಾಕೆನ್ನಿನಲ್ಲಿ 2016ರಲ್ಲಿ ಚಿತ್ರನಿರ್ಮಾಪಕ ಯಶ್ ಚೋಪ್ರಾ ಅವರ ಕಂಚಿನ ಪ್ರತಿಮೆಯನ್ನೇ ಸ್ಥಾಪಿಸಿದರು. ಕ್ಷೇತ್ರಮಾಹಾತ್ಮ್ಯ ಬರೆದ ಕವಿಗೆ ಕ್ಷೇತ್ರದಲ್ಲೇ ಗುಡಿ ಕಟ್ಟಿದ್ದು ನ್ಯಾಯವೇ.

ಸಾರಥ್ಯವಿಚಾರ

ಇಷ್ಟೆಲ್ಲ ಪ್ರಮಾಣಗಳಿಂದ ನಗರಗಳನ್ನು ನಾವೇ ಆರಿಸಿದೆವು ಎಂದು ಸಂಸಾರ ನಂಬಿರುತ್ತದೆ. ಇದು ಪೂರ್ವಪಕ್ಷ. ಇನ್ನು ಇದರ ಖಂಡನೆ.

"ಸಾರ್, ಒಂಬತ್ತು ದೇಶ, ಹದಿನೈದು ದಿನ. ಜೈನ್ ಊಟ ಕೂಡ ಇದೆ." ಟೂರಿನವರ ಈ ವಾಕ್ಯದಲ್ಲಿ ಕರ್ತೃ ಯಾರು? ಟೂರಿನವರಲ್ಲ, ಸಾರ್ ಕೂಡ ಅಲ್ಲ. ಬಸ್ಸಿನ ಚಾಲಕ. ಐರೋಪ್ಯ ಒಕ್ಕೂಟದ 2006ರ ನಿಯಮದಂತೆ ಚಾಲಕ ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ವಾರದಲ್ಲಿ ಎರಡು ದಿನ ಹತ್ತು ಗಂಟೆಗೆ ಅವಕಾಶ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ ಕೊಡಲೇಬೇಕು. ಡ್ಯಾಶ್‌ಬೋರ್ಡಿನಲ್ಲಿ ಟ್ಯಾಕೊಗ್ರಾಫ್ ಎಂಬ ಚಿತ್ರಗುಪ್ತ ಕುಳಿತಿದ್ದಾನೆ. ನಿಂತದ್ದು, ಹೊರಟದ್ದು ಎಲ್ಲ ಬರೆದುಕೊಳ್ಳುತ್ತಾನೆ. "ಹತ್ತೇ ನಿಮಿಷ, ಡ್ರೈವರ್ ಸಾಹೇಬ್ರೆ, ಒಂದು ಫೋಟೊ" ಎಂಬ ಮಾತು ಅವನ ಮುಂದೆ ನಡೆಯುವುದಿಲ್ಲ.

ಯುರೋಪ್ ಪ್ಯಾಕೇಜುಗಳೆಲ್ಲ ಒಂದನ್ನೊಂದು ಏಕೆ ಹೋಲುತ್ತವೆ ಎಂಬ ಬಹುಕಾಲದ ಒಗಟು ಇದರಿಂದ ಬಿಡಿಸಲ್ಪಡುತ್ತದೆ. ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಕೊಲೋನ್, ಬ್ಲ್ಯಾಕ್ ಫಾರೆಸ್ಟ್, ಲೂಸರ್ನ್, ಇನ್ಸ್‌ಬ್ರುಕ್, ವೆನಿಸ್, ಪೀಸಾ, ರೋಮ್: ಇದು ಸೌಂದರ್ಯದ ಕ್ರಮವಲ್ಲ, ಇತಿಹಾಸದ ಕ್ರಮವಲ್ಲ, ಒಬ್ಬ ಮನುಷ್ಯನ ಬೆನ್ನುಮೂಳೆ ದಿನಕ್ಕೆ ತಡೆಯಬಲ್ಲ ದೂರಗಳ ಕ್ರಮ. ಕೊಲೋನ್ ಕೆಥೆಡ್ರಲ್ಲಿನ ಕೆಲಸ 1248ರಲ್ಲಿ ಶುರುವಾಗಿ, ನಡುವೆ ಶತಮಾನಗಟ್ಟಲೆ ನಿಂತು, 1880ರಲ್ಲಿ ಮುಗಿಯಿತು. ಮುಗಿಯಲು 632 ವರ್ಷ; ಅದನ್ನು ನೋಡಲು 45 ನಿಮಿಷ. ಈ 45 ಎಲ್ಲಿಂದ ಬಂತೆಂದು ಈಗ ವಿವರಿಸಬೇಕಾಗಿಲ್ಲ.

ಬ್ರಸೆಲ್ಸ್‌ನಲ್ಲಿ ತೋರಿಸುವ ಮನ್ನೆಕೆನ್ ಪಿಸ್, ಎಂದರೆ ಉಚ್ಚೆ ಹೊಯ್ಯುವ ಹುಡುಗನ ಪ್ರತಿಮೆ, ಎರಡಡಿಯ ಆಸುಪಾಸು. ಅದೂ ನಕಲು, ಅಸಲು ನಗರದ ಮ್ಯೂಸಿಯಮ್ಮಿನಲ್ಲಿದೆ. ಅದನ್ನು ನೋಡಿ ನಿರಾಶರಾಗದೆ ಬಂದ ಕನ್ನಡಿಗ ಕುಟುಂಬ ಇದ್ದರೆ ಪ್ರಬಂಧಕಾರ ಅವರ ದರ್ಶನಾಕಾಂಕ್ಷಿ.

ಪ್ಯಾರಿಸ್ಸಿನದು ಇದಕ್ಕಿಂತ ಕರುಣಾಜನಕ. ಐಫೆಲ್ ಗೋಪುರದಲ್ಲಿ ಕತ್ತಲಾದ ಮೇಲೆ ಗಂಟೆಗೊಮ್ಮೆ ಐದು ನಿಮಿಷ 20,000 ದೀಪಗಳು ಮಿನುಗುತ್ತವೆ. ಮಗಳು ಪ್ಯಾರಿಸ್ ಬೇಕೇ ಬೇಕು ಎಂದದ್ದು ಇದಕ್ಕೇ. ಆದರೆ ಮೇ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಯ ಮೇಲೆ. ಟೂರಿನವರು ಸಂಜೆ ಆರೂವರೆಗೆ ಇಂಡಿಯನ್ ರೆಸ್ಟೊರೆಂಟಿನಲ್ಲಿ ಪನ್ನೀರ್ ಬಡಿಸಿ, ಎಂಟಕ್ಕೆ ಊರಾಚೆಯ ಹೋಟೆಲಿಗೆ ಬಿಟ್ಟಿರುತ್ತಾರೆ. ಸೂರ್ಯನಿಗೆ ಟ್ಯಾಕೊಗ್ರಾಫ್ ಇಲ್ಲ. ಹೋಟೆಲ್ ಕೋಣೆಯಲ್ಲಿ ಹಗಲು ಬೆಳಕಿನಲ್ಲೇ ಪರದೆ ಎಳೆದು ಮಲಗಿದ ಮಗಳು ಮಿನುಗುವ ಗೋಪುರವನ್ನು ಮೊಬೈಲಿನಲ್ಲಿ ನೋಡುತ್ತಾಳೆ.

ಶೌಚಾಧಿಕರಣ

ನಗರದ ಆಯ್ಕೆಯಲ್ಲಿ ಹಿರಿಯರ ಮೂತ್ರಕೋಶಕ್ಕೆ ಇರುವ ಸ್ಥಾನವನ್ನು ಹಿಂದಿನ ವಿದ್ವಾಂಸರು ಗಣಿಸಿಲ್ಲ. ಜರ್ಮನಿಯ ಹೆದ್ದಾರಿ ನಿಲ್ದಾಣಗಳಲ್ಲಿ ಗೇಟಿಗೆ ನಾಣ್ಯ ಹಾಕದೆ ಒಳಗೆ ಬಿಡುವುದಿಲ್ಲ. ಯೂರೊವನ್ನು ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ, "ಮುಂದಿನ ಸ್ಟಾಪಲ್ಲಿ ಹೋದ್ರಾಯ್ತು" ಎಂದು ತಡೆದುಕೊಂಡ ಮಾವನವರ ತಪಸ್ಸನ್ನು ಯಾವ ಪ್ರವಾಸಕಥನವೂ ದಾಖಲಿಸಿಲ್ಲ. ಈ ವಿದ್ಯೆಯ ಮೂಲಪುರುಷ ರೋಮಿನ ಚಕ್ರವರ್ತಿ ವೆಸ್ಪೇಸಿಯನ್. ಸಾರ್ವಜನಿಕ ಮೂತ್ರಾಲಯಗಳಲ್ಲಿ ಸಂಗ್ರಹಿಸಿದ ಮೂತ್ರದ ಮೇಲೆ ಅವನು ತೆರಿಗೆ ಹಾಕಿದ. ಮಗ ಟೈಟಸ್ ಮೂಗು ಮುರಿದಾಗ ನಾಣ್ಯವೊಂದನ್ನು ಅವನ ಮೂಗಿಗೇ ಹಿಡಿದು, ವಾಸನೆ ಬರುತ್ತದೆಯೇ ಎಂದು ಕೇಳಿದನೆಂದು ಕಥೆ. ಕೊಲೋಸಿಯಮ್ ಕಟ್ಟಲು ತೊಡಗಿದವನೂ ಅವನೇ, ಕ್ರಿ.ಶ. 80ರಲ್ಲಿ ಅದನ್ನು ಉದ್ಘಾಟಿಸಿದವನು ಆ ಮೂಗು ಮುರಿದ ಮಗ. ಹೀಗಾಗಿ ಪ್ರವಾಸಿ ವೆಸ್ಪೇಸಿಯನ್ನನಿಗೆ ಎರಡು ಸಲ ಸಂದಾಯ ಮಾಡುತ್ತಾನೆ, ಹೆದ್ದಾರಿಯಲ್ಲೊಮ್ಮೆ, ಕೊಲೋಸಿಯಮ್ ಬಾಗಿಲಲ್ಲೊಮ್ಮೆ. ಇದಕ್ಕೆ ಅಪವಾದ ಪ್ಯಾರಿಸ್. ಅಲ್ಲಿನ ಬೀದಿಬದಿಯ ಸ್ವಯಂಚಾಲಿತ ಶೌಚಾಲಯಗಳು 2006ರಿಂದ ಉಚಿತ. ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಮಗಳ ಪಕ್ಷವೇ ಗೆಲ್ಲಬೇಕು, ದೀಪಗಳ ಕಾರಣಕ್ಕಲ್ಲ.

ವೀಸಾಧಿಕರಣ

ವೀಸಾಧೀನಂ ಜಗತ್ಸರ್ವಂ. ಸಾರಥಿಯ ಮೇಲೂ ಒಬ್ಬನಿದ್ದಾನೆ.

ಲಕ್ಸೆಂಬರ್ಗಿನ ಆಗ್ನೇಯ ತುದಿಯಲ್ಲಿ, ಫ್ರಾನ್ಸ್ ಮತ್ತು ಜರ್ಮನಿಗಳ ಗಡಿ ಕೂಡುವಲ್ಲಿ, ಮೊಸೆಲ್ ನದಿಯ ದಡದಲ್ಲಿ ದ್ರಾಕ್ಷಿ ಬೆಳೆಯುವ ಒಂದು ಹಳ್ಳಿ ಇದೆ. ಹೆಸರು ಷೆಂಗೆನ್. 1985ರ ಜೂನ್ 14ರಂದು ಅಲ್ಲಿ ನದಿಯ ಮೇಲೆ ಒಂದು ಹಡಗಿನಲ್ಲಿ ಕುಳಿತು ಐದು ದೇಶಗಳವರು ತಮ್ಮ ನಡುವಿನ ಗಡಿ ತಪಾಸಣೆ ಬೇಡವೆಂದು ಸಹಿ ಹಾಕಿದರು. ಅದು ಜಾರಿಗೆ ಬಂದದ್ದು 1995ರ ಮಾರ್ಚಿನಲ್ಲಿ. ಈಗ ಅದರೊಳಗೆ 29 ದೇಶಗಳಿವೆ. ಒಂದು ವೀಸಾಕ್ಕೆ ದೊಡ್ಡವರಿಗೆ 90 ಯೂರೊ. 180 ದಿನಗಳಲ್ಲಿ 90 ದಿನ ಇರಬಹುದು, ಕಚೇರಿಯವರು ಹದಿನೈದಕ್ಕಿಂತ ಹೆಚ್ಚು ರಜೆ ಕೊಟ್ಟರೆ.

ಇಲ್ಲಿ ಬರುವುದು ಈ ಶಾಸ್ತ್ರದ ಮುಖ್ಯ ವಿಧಿ: ಅರ್ಜಿಯನ್ನು ಮುಖ್ಯ ಗಮ್ಯದ ದೇಶಕ್ಕೆ ಹಾಕಬೇಕು. ಎಲ್ಲಿ ಹೆಚ್ಚು ದಿನ ಇರುತ್ತೀರೋ ಅದು ಮುಖ್ಯ ಗಮ್ಯ. ಹಾಗೆ ಹೇಳಲಾಗದಿದ್ದರೆ ಮೊದಲು ಕಾಲಿಡುವ ದೇಶ. ನಿಯಮ ಮಾಡಿದವರ ತರ್ಕ ಸ್ಪಷ್ಟ: ಊರು ಆರಿಸಿ, ಆಮೇಲೆ ವೀಸಾ ಕೇಳಿ. ಏಪ್ರಿಲಿನ ಬೆಂಗಳೂರಿನಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ.

"ಸಾರ್, ನೀವು ಕೇಳಿದ ದೇಶದ ಸ್ಲಾಟು ಜೂನ್‌ವರೆಗೂ ಇಲ್ಲ."

"ಮತ್ತೆ ಯಾವುದಿದೆ?"

"ಲಕ್ಸೆಂಬರ್ಗ್ ಇದೆ ಸಾರ್. ಇವತ್ತು ರಾತ್ರಿ ಒಳಗೆ ಹೇಳಿದ್ರೆ."

"ಅಲ್ಲೇನಿದೆ ನೋಡೋಕೆ?"

"ಸ್ಲಾಟ್ ಇದೆ ಸಾರ್."

ಹೀಗೆ, ಮೇಜಿನ ಸುತ್ತ ಕುಳಿತ ಐವರಲ್ಲಿ ಒಬ್ಬರೂ ಉಚ್ಚರಿಸದ, ಯಾವ ಹಾಡಿನಲ್ಲೂ ಬಾರದ, ಓರಗಿತ್ತಿ ಹೋಗಿರದ ಊರು ಮುಖ್ಯ ಗಮ್ಯವಾಗುತ್ತದೆ. ಪ್ಯಾರಿಸ್ಸಿಗೆ ಎರಡು ರಾತ್ರಿ, ಲೂಸರ್ನಿಗೆ ಎರಡು, ಅದಕ್ಕೆ ನಾಲ್ಕು. ಗ್ರೂಪ್ ಟೂರ್ ರದ್ದಾಗಿ ಸ್ವಂತ ಟಿಕೆಟ್ ಮಾಡಬೇಕಾಗುತ್ತದೆ, ಚಾಲಕನೂ ಕೈಬಿಟ್ಟುಹೋಗುತ್ತಾನೆ.

ಮೀಮಾಂಸಕರ ಪ್ರಕಾರ ಬೇರೆ ಪ್ರಮಾಣದಿಂದ ಮೊದಲೇ ಗೊತ್ತಿರುವುದನ್ನು ಹೇಳುವ ವಾಕ್ಯ ಬರೀ ಅನುವಾದ, ಅದಕ್ಕೆ ಸ್ವತಂತ್ರ ಪ್ರಾಮಾಣ್ಯವಿಲ್ಲ. ಹಿಂದೆ ತಿಳಿಯದೆ ಇದ್ದುದನ್ನು ತಿಳಿಸುವುದು ಅಪೂರ್ವವಿಧಿ. ಪ್ಯಾರಿಸ್, ಟಿಟ್ಲಿಸ್, ಪೀಸಾ ಎಲ್ಲ ಅನುವಾದ. ನೋಡಿದ್ದನ್ನೇ ಒಂದು ಸಲ ಹೋಗಿ ಸರಿಯಾಗಿದೆಯೋ ಇಲ್ಲವೋ ಎಂದು ತಾಳೆ ನೋಡುವ ಕೆಲಸ. ಸ್ಲಾಟಿನಿಂದ ಸಿಕ್ಕ ಲಕ್ಸೆಂಬರ್ಗ್ ಒಂದೇ ಅಪೂರ್ವ. ಅಲ್ಲಿ ಇಳಿದ ಸಂಸಾರಕ್ಕೆ ಯಾವ ಫೋಟೊ ತೆಗೆಯಬೇಕೆಂದು ಗೊತ್ತಿರುವುದಿಲ್ಲ, ಹಾಗಾಗಿ ಅವರು ಸುತ್ತ ನೋಡುತ್ತಾರೆ. ಬಸ್ ಹತ್ತಿ ಟಿಕೆಟ್ ಕೇಳುತ್ತಾರೆ. ಟಿಕೆಟ್ ಇಲ್ಲ. 2020ರಿಂದ ಇಡೀ ದೇಶದಲ್ಲಿ ಬಸ್ಸು, ಟ್ರಾಮು, ರೈಲಿನ ಎರಡನೇ ದರ್ಜೆ ಎಲ್ಲವೂ ಉಚಿತ, ವಿದೇಶೀಯರಿಗೂ. "ನಮ್ಮ ಶಕ್ತಿ ಯೋಜನೆ ಥರ," ಎನ್ನುತ್ತಾರೆ ಅತ್ತೆ. "ಅದಲ್ಲಮ್ಮ, ಇಲ್ಲಿ ಗಂಡಸರಿಗೂ ಫ್ರೀ," ಎನ್ನುವಾಗ ಮಗನ ಮುಖದಲ್ಲಿ ಕಾಣುವ ಪ್ರಸನ್ನತೆ ಐಫೆಲ್ ಗೋಪುರದ ಬುಡದಲ್ಲಿ ಕಂಡಿರಲಿಲ್ಲ. ಅದೇ ಪುಕ್ಕಟೆ ಬಸ್ಸಿನಲ್ಲಿ ಷೆಂಗೆನ್ ಹಳ್ಳಿಗೂ ಹೋಗಬಹುದು. ಲಕ್ಷಾಂತರ ಜನರ ಪಾಸ್‌ಪೋರ್ಟಿನಲ್ಲಿ ಹೆಸರು ಅಂಟಿರುವ, ಯಾರ ಪಟ್ಟಿಯಲ್ಲೂ ಇಲ್ಲದ ಊರು ಅದು.

ಪರಿಶಿಷ್ಟ: ಲಂಡನ್ ಪ್ರಶ್ನೆ

ಕನ್ನಡಿಗನಾದವನು ಅವಶ್ಯ ನೋಡಬೇಕಾದ ವಸ್ತುಗಳು ಯುರೋಪಿನಲ್ಲಿ ಎರಡು. ಒಂದು, ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆ. ಇನ್ನೊಂದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತೊಯ್ದ ಟಿಪ್ಪುವಿನ ಮರದ ಹುಲಿ. ಸೋಜರನ ಮೇಲೆ ಎರಗಿದ ಭಂಗಿಯಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿದೆ, ಮ್ಯೂಸಿಯಮ್ಮಿಗೆ ಪ್ರವೇಶ ಉಚಿತ. ಎರಡೂ ಲಂಡನ್ನಿನಲ್ಲಿವೆ, ಲಂಡನ್ ಷೆಂಗೆನ್ ವಲಯದಲ್ಲಿಲ್ಲ. ಬೇರೆ ವೀಸಾ, ಬೇರೆ ಅರ್ಜಿ, ಬೇರೆ ಶುಲ್ಕ. ಒಂದೇ ರಜೆಯಲ್ಲಿ ಎರಡೂ ವೀಸಾ ಸಾಧಿಸಿದವರನ್ನು ಋಷಿಗಳೆಂದೇ ತಿಳಿಯತಕ್ಕದ್ದು.

ಬಾರ್ಸಿಲೋನಾ ಕೈಬಿಟ್ಟದ್ದೇಕೆಂದು ಕೇಳುವವರಿಗೆ ಒಂದು ಮಾತು. 2024ರ ಜುಲೈನಲ್ಲಿ ಅಲ್ಲಿನ ಜನ ಪ್ರವಾಸಿಗರ ಕಾಟ ತಾಳಲಾರದೆ ಮೆರವಣಿಗೆ ಹೊರಟು, ಹೋಟೆಲ್ ಮುಂದೆ ಕುಳಿತು ತಿನ್ನುತ್ತಿದ್ದವರ ಮೇಲೆ ಪಿಚಕಾರಿಯಿಂದ ನೀರು ಹಾರಿಸಿದರು. ಸೆಕೆಗೆ ಇದು ಹಿತವೇ. ಆದರೆ ನಾವು ಹೋಗುವುದು ಏಪ್ರಿಲಿನಲ್ಲಿ, ನೆಗಡಿಯಾಗುತ್ತದೆ.

ಫಲಶ್ರುತಿ

ಸಿದ್ಧಾಂತ ಇಷ್ಟೇ: ಪಟ್ಟಿಯಲ್ಲಿ ಒಂಬತ್ತು ದೇಶ ಇದ್ದರೆ ಆರಿಸಿದವನು ಚಾಲಕ. ಸ್ಲಾಟು ನೋಡಿ ಸೇರಿಸಿದ ಊರಿದ್ದರೆ ಆರಿಸಿದ್ದು ದೈವ, ಅದನ್ನು ಬಿಡಬಾರದು. ಬೇಕಿದ್ದರೆ ಬ್ರಸೆಲ್ಸ್ ಬಿಡಿ. ಈ ಮೀಮಾಂಸೆಯನ್ನು ಭಕ್ತಿಯಿಂದ ಪಠಿಸಿದವರಿಗೆ ಕಿಟಕಿ ಸೀಟು, ಕೇಳಿಸಿಕೊಂಡವರಿಗೆ ಬಿಸಿನೀರು ಬರುವ ಬಚ್ಚಲು, ನಕ್ಕವರಿಗೆ ಇಂಡಿಯನ್ ರೆಸ್ಟೊರೆಂಟಿನಲ್ಲಿ ಪನ್ನೀರ್ ಬಿಟ್ಟು ಬೇರೇನಾದರೂ ಲಭಿಸುತ್ತದೆ.

ವೀಸಾ ಅರ್ಜಿಯನ್ನು ಆರು ತಿಂಗಳು ಮೊದಲೇ ಹಾಕಲು ಅವಕಾಶವಿದೆ, ಹೊರಡಲು ಹದಿನೈದು ದಿನವಿರುವಾಗ ಬಾಗಿಲು ಮುಚ್ಚುತ್ತದೆ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಷೆಂಗೆನ್ ಬಿಟ್ಟು ಹೊರಡುವ ದಿನದಿಂದ ಮುಂದೆ ಮೂರು ತಿಂಗಳಾದರೂ ಚಾಲ್ತಿಯಲ್ಲಿರಬೇಕು, ಅದರಲ್ಲಿ ಎರಡು ಪುಟ ಖಾಲಿ ಇರಬೇಕು. ಪ್ಯಾರಿಸ್ಸೋ ವೆನಿಸ್ಸೋ ಎಂದು ಜಗಳ ಶುರುಮಾಡುವ ಮೊದಲು ದಯವಿಟ್ಟು ಬೀರು ತೆಗೆದು ಅದೊಂದನ್ನು ನೋಡಿಕೊಳ್ಳಿ.